ದಿನದ ಕೆಲಸಗಳ ಪಟ್ಟಿಗೆ ಸರಿಯಾದ ಆ್ಯಪ್ ಆರಿಸಿಕೊಳ್ಳುವುದು ಹೇಗೆ?

ಪ್ಲೇಸ್ಟೋರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು, ಕಳೆದ ಒಂದು ತಿಂಗಳಲ್ಲಿ ನೀವು ಮಾಡಬೇಕಾಗಿದ್ದ ಕೆಲಸಗಳನ್ನು ಬರೆಯಿರಿ. ಅವುಗಳಲ್ಲಿ ಗಡುವು ಇರುವವು ಯಾವುವು, ಮತ್ತೆ ಮತ್ತೆ ಬರುವವು ಯಾವುವು, ಮನೆಯ ಇನ್ನೊಬ್ಬರೂ ನೋಡಬೇಕಾದವು ಯಾವುವು ಎಂದು ಗುರುತು ಹಾಕಿ. ಯಾವ ಬಗೆಯ ಕೆಲಸ ಹೆಚ್ಚಿದೆಯೋ ಅದೇ ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕೇ ಹೊರತು ಆ್ಯಪ್‌ನ ಅಂದಚೆಂದವಲ್ಲ.

ಜಿಮೇಲ್ ಮತ್ತು ಗೂಗಲ್ ಕ್ಯಾಲೆಂಡರ್ ಬಳಸುವವರು ಗೂಗಲ್ ಟಾಸ್ಕ್ಸ್‌ನಿಂದಲೂ, ಐಫೋನ್ ಇರುವವರು ಅದರಲ್ಲೇ ಇರುವ ರಿಮೈಂಡರ್ಸ್‌ನಿಂದಲೂ ಆರಂಭಿಸುವುದು ಒಳ್ಳೆಯದು. ಮನೆಯಲ್ಲಿ ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್ ಆಗಿದ್ದು ದಿನಸಿ ಪಟ್ಟಿಯನ್ನು ಹಂಚಿಕೊಳ್ಳಬೇಕಿದ್ದರೆ, ಎರಡರಲ್ಲೂ ನಡೆಯುವ ಮೈಕ್ರೋಸಾಫ್ಟ್ ಟು ಡು ಅಥವಾ ಟುಡೂಯಿಸ್ಟ್ ಅನುಕೂಲ.

ಮುಂದಿನ ಹಂತದಲ್ಲಿ, ಮರುಕಳಿಸುವ ಕೆಲಸಗಳನ್ನು ಆ್ಯಪ್ ಹೇಗೆ ನಿಭಾಯಿಸುತ್ತದೆ ಎಂದು ಪರೀಕ್ಷಿಸಿ. ಹೆಚ್ಚಿನವರು ಗಮನಿಸದೆ ಬಿಡುವ ಅಂಶ ಇದೇ. ವಿದ್ಯುತ್ ಬಿಲ್ ಕಟ್ಟುವ ಕೆಲಸ ತಿಂಗಳ ನಿಗದಿತ ದಿನಕ್ಕೇ ಬರಬೇಕು. ಆದರೆ ನೀರಿನ ತೊಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತೊಳೆಯುವ ಕೆಲಸವನ್ನು ನೀವು ಇಪ್ಪತ್ತು ದಿನ ತಡವಾಗಿ ಮಾಡಿದರೆ, ಮುಂದಿನ ಸರದಿಯ ಲೆಕ್ಕ ತೊಳೆದ ದಿನದಿಂದಲೇ ಶುರುವಾಗಬೇಕು. ಟುಡೂಯಿಸ್ಟ್ ಮತ್ತು ಟಾಸ್ಕ್ಸ್.ಆರ್ಗ್ ಎಂಬ ಇನ್ನೊಂದು ಆ್ಯಪ್ ಈ ಎರಡೂ ರೀತಿಯ ಲೆಕ್ಕವನ್ನು ಇಟ್ಟುಕೊಳ್ಳುತ್ತವೆ. ನೀವು ನೋಡುತ್ತಿರುವ ಆ್ಯಪ್‌ನಲ್ಲಿ ಹಳೆಯ ದಿನಾಂಕದ ಒಂದು ಮರುಕಳಿಸುವ ಕೆಲಸವನ್ನು ಬರೆದು, ಮುಗಿಯಿತೆಂದು ಗುರುತು ಹಾಕಿದರೆ, ಮುಂದೆ ತೋರುವ ದಿನಾಂಕದಿಂದ ಅದರ ಲೆಕ್ಕ ಯಾವ ರೀತಿಯದು ಎಂದು ತಿಳಿಯುತ್ತದೆ.

ನೆನಪೋಲೆ (ರಿಮೈಂಡರ್) ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಉಳಿದ ಯಾವ ಸೌಲಭ್ಯವಿದ್ದೂ ಪ್ರಯೋಜನವಿಲ್ಲ. ಆಂಡ್ರಾಯ್ಡ್ 13ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಆ್ಯಪ್ ಸೂಚನೆ ಕಳಿಸಲು ನಿಮ್ಮ ಅನುಮತಿ ಬೇಕು. ಜೊತೆಗೆ ಕೆಲವು ಫೋನ್‌ಗಳ ಬ್ಯಾಟರಿ ಉಳಿತಾಯ ವ್ಯವಸ್ಥೆಯು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಒಂದು ಗಂಟೆಯ ನಂತರದ ನೆನಪೋಲೆ ಇಟ್ಟು, ಫೋನನ್ನು ಲಾಕ್ ಮಾಡಿ ಬದಿಗಿಡಿ. ತಡವಾಗಿ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧವನ್ನು ತೆಗೆದು ಮತ್ತೊಮ್ಮೆ ನೋಡಿ. ಅಪ್ಪ ಅಮ್ಮನ ಮಾತ್ರೆಯ ಹೊತ್ತನ್ನು ಈ ಪರೀಕ್ಷೆ ಮುಗಿಯುವವರೆಗೆ ಖಂಡಿತ ಆ್ಯಪ್‌ಗೆ ಒಪ್ಪಿಸಬೇಡಿ.

ಕನ್ನಡದಲ್ಲೇ ಬರೆಯುವವರು ಇನ್ನೊಂದನ್ನು ಪರಿಶೀಲಿಸಬೇಕು. ‘ನಾಳೆ ಸಂಜೆ 6ಕ್ಕೆ ಔಷಧಿ ತರಬೇಕು’ ಎಂದು ಬರೆದಾಗ ಆ್ಯಪ್ ಹೊತ್ತನ್ನು ತಾನೇ ಗುರುತಿಸದಿದ್ದರೆ, ದಿನಾಂಕವನ್ನು ಎಷ್ಟು ಬೇಗ ಕೈಯಾರೆ ಹಾಕಬಹುದು ಎಂಬುದು ಮುಖ್ಯವಾಗುತ್ತದೆ.

ಕೊನೆಯದಾಗಿ, ಆ್ಯಪ್ ಬಿಟ್ಟು ಹೊರಬರುವ ದಾರಿಯನ್ನು ನೋಡಿಕೊಳ್ಳಿ. ಬಹಳ ಜನ ಮೆಚ್ಚಿದ್ದ ವಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರ ಮೇ ತಿಂಗಳಲ್ಲಿ ಮುಚ್ಚಿತು. ಆಸ್ಟ್ರಿಡ್ ಎಂಬ ಆ್ಯಪ್ ಯಾಹೂ ಕೈಗೆ ಹೋದ 2013ರಲ್ಲೇ ನಿಂತಿತು. ಅದರ ಮುಕ್ತ ಕೋಡ್‌ನಿಂದ ಬೆಳೆದದ್ದೇ ಟಾಸ್ಕ್ಸ್.ಆರ್ಗ್. ಹೀಗಾಗಿ ಹತ್ತಾರು ಕೆಲಸಗಳನ್ನು ತುಂಬುವ ಮೊದಲೇ ಪಟ್ಟಿಯನ್ನು ಒಮ್ಮೆ ಕಡತವಾಗಿ ಹೊರತೆಗೆದು, ಅದನ್ನು ಕಂಪ್ಯೂಟರ್‌ನಲ್ಲಿ ತೆರೆದು, ಕನ್ನಡ ಅಕ್ಷರಗಳು ಸರಿಯಾಗಿ ಓದಿಸಿಕೊಳ್ಳುತ್ತವೆಯೇ ಎಂದು ನೋಡಿ. ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಂಡರೆ, ಕಡತ ತೆರೆಯುವಾಗ ಯುಟಿಎಫ್-8 ಎಂಬ ಆಯ್ಕೆಯನ್ನು ಕೊಟ್ಟು ಮತ್ತೆ ತೆರೆಯಿರಿ.