ಆಟ ಮುಗಿದ ಮೇಲೆ ಕೂಟ: ಹ್ಯಾಲೋ ಕಾದಂಬರಿಗಳನ್ನು ನಾನು ಓದಿದ ಬಗೆ

2020ರ ಜೂನ್ ತಿಂಗಳು. ಮಂಗಳೂರಿನ ಕಚೇರಿಯ ಕೆಲಸವೆಲ್ಲ ಮನೆಗೇ ಬಂದಿತ್ತು. ಉಡುಪಿ ಬಳಿಯ ನಮ್ಮೂರು ಶಂಕರಪುರದಲ್ಲಿ ಜಡಿಮಳೆ ಹಿಡಿದರೆ ಕರೆಂಟು ಹೋಗುವುದು, ಹೋದದ್ದು ಸಂಜೆಯವರೆಗೂ ಬಾರದಿರುವುದು ಹೊಸತಲ್ಲ. ಆ ಶನಿವಾರ ನಾನು ಹ್ಯಾಲೋ ಎಂಬ ವಿಡಿಯೋ ಗೇಮ್ ಸರಣಿಯ ಮೊದಲ ಆಟದ ನಡುವೆ ಇದ್ದೆ. 2001ರಲ್ಲಿ ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರಕ್ಕೆಂದು ಬಂದ ಆ ಆಟ ಒಂದು ಸಂಗ್ರಹದ ಭಾಗವಾಗಿ ಕಂಪ್ಯೂಟರಿಗೆ ಬಂದು ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ ಕಂಪ್ಯೂಟರಿಗೆ ಬಂದ ‘ಹ್ಯಾಲೋ: ರೀಚ್’ ಅನ್ನು ಎರಡು ಸಲ ಆಡಿ ಮುಗಿಸಿದ್ದೆ. ಪರದೆ ಕಪ್ಪಾಯಿತು. ಮೊಬೈಲ್‌ನಲ್ಲಿ ಮಾತ್ರ ಚಾರ್ಜ್ ಉಳಿದಿತ್ತು. ಈ ಸರಣಿಗೆ ಕಾದಂಬರಿಗಳೂ ಇವೆ ಎಂದು ಗೊತ್ತಿದ್ದುದರಿಂದ ಒಂದನ್ನು ಕೊಂಡು ಓದಲು ಕುಳಿತೆ.

ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಕಲಿತವನು. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಬರುತ್ತದೆ. ಆದರೆ ಇಂಗ್ಲಿಷ್ ಕಾದಂಬರಿಯೊಂದನ್ನು ಅದುವರೆಗೆ ಕೊನೆಯ ಪುಟದವರೆಗೆ ಓದಿದವನಲ್ಲ. ಅಂಥವನು ಮೊದಲು ಎತ್ತಿಕೊಂಡದ್ದು ಗ್ರೆಗ್ ಬೇರ್ ಬರೆದ ‘ಕ್ರಿಪ್ಟಮ್’. ಕಥೆಯ ಕಾಲದ ಲೆಕ್ಕದಲ್ಲಿ ಅದೇ ಮೊದಲನೆಯದು ಎಂಬುದಷ್ಟೇ ಕಾರಣ. ಅದು ಆಟದ ಘಟನೆಗಳಿಗಿಂತ ಸುಮಾರು ಒಂದು ಲಕ್ಷ ವರ್ಷ ಹಿಂದಿನ ಕಥೆ. ಹೇಳುವವನು ಮನುಷ್ಯನೇ ಅಲ್ಲ, ಫೋರ್‌ರನ್ನರ್ ಎಂಬ ಪ್ರಾಚೀನ ಕುಲದ ತರುಣ. ನಾನು ಆಡಿದ ಆಟದ ಒಂದು ಮುಖವೂ, ಒಂದು ಹಡಗೂ ಅಲ್ಲಿ ಕಾಣಲಿಲ್ಲ. ನಲವತ್ತು ಪುಟ ದಾಟುವಷ್ಟರಲ್ಲಿ ಎಲ್ಲಿದ್ದೇನೆ ಎಂಬುದೇ ತಿಳಿಯದೆ ನಿಲ್ಲಿಸಿದೆ. ಪುಸ್ತಕ ಚೆನ್ನಾಗಿಯೇ ಇದೆ. ಎರಡು ವರ್ಷದ ಬಳಿಕ ಮತ್ತೆ ಓದಿ ಬಹಳ ಇಷ್ಟಪಟ್ಟೆ. ಆದರೆ ಬಾಗಿಲು ಅದಲ್ಲ.

ದಾರಿ ತೋರಿಸಿದವರು ಮಾವ. ಅವರು ಹವ್ಯಾಸಿ ಅರ್ಥಧಾರಿ. ಊರಿನ ತಾಳಮದ್ದಳೆಗಳಲ್ಲಿ ಮೂವತ್ತು ವರ್ಷಗಳಿಂದ ಕೂರುತ್ತಾ ಬಂದಿದ್ದಾರೆ. ನನ್ನ ತೊಡಕನ್ನು ಕೇಳಿ, “ಪ್ರಸಂಗವೇ ಗೊತ್ತಿಲ್ಲದೆ ಅರ್ಥ ಕೇಳಲು ಕುಳಿತರೆ ಹೀಗೆಯೇ ಆಗುತ್ತದೆ ಮಾರಾಯ. ನಿನಗೆ ಬಾಯಿಪಾಠವಿರುವ ಪ್ರಸಂಗದಿಂದ ಶುರು ಮಾಡು” ಎಂದರು. ನಮ್ಮ ಕಡೆ ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿದರೆ ಆಟ, ಕುಳಿತು ಅರ್ಥ ಹೇಳಿದರೆ ಕೂಟ. ಕೂಟಕ್ಕೆ ಬರುವವರಲ್ಲಿ ಕರ್ಣ ಸಾಯುತ್ತಾನೆ ಎಂದು ಗೊತ್ತಿಲ್ಲದವರು ಯಾರೂ ಇರುವುದಿಲ್ಲ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ, ಅದರ ಮೇಲೆ ಅರ್ಧ ಗಂಟೆ ಕರ್ಣನ ಒಳಮನಸ್ಸು ತೆರೆದುಕೊಳ್ಳುತ್ತದೆ. ಕೇಳಲು ಬಂದಿರುವುದೇ ಅದಕ್ಕಾಗಿ. ಆಟದ ಕಥೆ ಗೊತ್ತಿದ್ದ ಮೇಲೆ ಕಾದಂಬರಿ ಏಕೆ ಓದಬೇಕು ಎಂದು ಕೇಳುವವರಿಗೆ ನಾನು ಈಗಲೂ ಕೊಡುವ ಉತ್ತರ ಇದು.

ಹಾಗೆ ಎರಿಕ್ ನೈಲಂಡ್ ಅವರ ‘ದಿ ಫಾಲ್ ಆಫ್ ರೀಚ್’ ಕೈಗೆ ಬಂತು. ಸರಣಿಯ ಮೊದಲ ಕಾದಂಬರಿ. 2001ರ ಅಕ್ಟೋಬರ್ ಕೊನೆಯಲ್ಲಿ, ಆಟಕ್ಕಿಂತ ಸುಮಾರು ಎರಡು ವಾರ ಮೊದಲೇ ಪ್ರಕಟವಾದದ್ದು. ಇದು ಮುಗಿಯುವಲ್ಲಿಂದ ಮೊದಲ ಆಟ ಶುರುವಾಗುತ್ತದೆ.

ಓದಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪದಕೋಶವನ್ನು ದೂರ ಇಟ್ಟೆ. ತಿಳಿಯದ ಪದ ಬಂದರೆ ವಾಕ್ಯ ಮುಗಿಸಿ ಮುಂದೆ ಹೋಗುವುದು. ಅದೇ ಪದ ಮೂರನೆಯ ಸಲ ಎದುರಾದರೆ ಮಾತ್ರ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವುದು. ಮೊದಲ ವಾರ ಬರೆದುಕೊಂಡದ್ದರಲ್ಲಿ ಹೆಚ್ಚಿನವು ಸೇನೆಯ ಹುದ್ದೆಗಳು. ನೌಕಾಪಡೆಯ ಕ್ಯಾಪ್ಟನ್‌ಗೂ ಭೂಸೇನೆಯ ಕ್ಯಾಪ್ಟನ್‌ಗೂ ಎಷ್ಟು ಅಂತರವಿದೆ ಎಂದು ನನಗೆ ಗೊತ್ತಾದದ್ದೇ ಆಗ. ಉಳಿದದ್ದಕ್ಕೆ ಆಟ ನೆರವಾಯಿತು. ಮನುಷ್ಯರ ಮೇಲೆ ಯುದ್ಧ ಸಾರಿದ ಅನ್ಯಗ್ರಹದ ಕೊವೆನೆಂಟ್ ಪಡೆಯ ಕುಳ್ಳ ಗ್ರಂಟ್‌ಗಳು, ನೀಳಕಾಯದ ಎಲೀಟ್‌ಗಳು, ಅವರ ಕೈಯ ನೀಲಿ ಬೆಳಕಿನ ಕತ್ತಿ, ಎಲ್ಲವನ್ನೂ ನೂರಾರು ಸಲ ಕಂಡ ಕಣ್ಣು ನನ್ನದು. ಲೇಖಕರ ವರ್ಣನೆ ಅರ್ಧ ತಿಳಿದರೂ ಚಿತ್ರ ಪೂರ್ತಿ ಮೂಡುತ್ತಿತ್ತು. ಬೇರಾವ ಇಂಗ್ಲಿಷ್ ಕಾದಂಬರಿಯೂ ನನಗೆ ಈ ಅನುಕೂಲವನ್ನು ಕೊಟ್ಟಿರಲಿಲ್ಲ.

ಬಾಹ್ಯಾಕಾಶದ ಯುದ್ಧಗಳಲ್ಲಿ ಮಾತ್ರ ಕಣ್ಣು ಸೋತಿತು. ಮನುಷ್ಯರ ಪಡೆಯ ಕಮಾಂಡರ್ ಕೀಸ್ ಒಂಟಿ ಹಡಗಿನಲ್ಲಿ ನಾಲ್ಕು ಶತ್ರು ಹಡಗುಗಳನ್ನು ಎದುರಿಸುವ ಅಧ್ಯಾಯವನ್ನು ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಅಜ್ಜಿಯ ಚೆನ್ನೆಮಣೆಯ ಕಾಯಿಗಳನ್ನು ಜಗಲಿಯ ಮೇಲೆ ಹರಡಿದೆ. ನಡುವೆ ತೆಂಗಿನಕಾಯಿ, ಅದು ಗ್ರಹ. ಒಂದು ಕಡೆ ನಾಲ್ಕು ಕಾಯಿ, ಇನ್ನೊಂದು ಕಡೆ ಒಂದು. ವಾಕ್ಯ ವಾಕ್ಯಕ್ಕೂ ಕಾಯಿ ಸರಿಸುತ್ತಾ ಹೋದಾಗ, ತನ್ನ ಬೆನ್ನು ಹತ್ತಿದ ಬೆಂಕಿಯನ್ನು ಕೀಸ್ ಗ್ರಹದ ಸುತ್ತ ಎಳೆದು ತಂದು ಶತ್ರುವಿನ ಹಡಗಿಗೇ ಬಡಿಸುವ ಉಪಾಯ ಕಣ್ಣೆದುರು ನಿಂತಿತು. ಆ ಸಂತೋಷ ಇನ್ನೂ ಆರಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧಗಳಲ್ಲ, ಮಕ್ಕಳು. ಆಟದಲ್ಲಿ ನಾಯಕ ಮಾಸ್ಟರ್ ಚೀಫ್ ಮುಖವಾಡ ತೆಗೆಯುವುದಿಲ್ಲ, ಮಾತು ಕಡಿಮೆ. ಕಾದಂಬರಿಯಲ್ಲಿ ಅವನು ಜಾನ್, ಆರು ವರ್ಷದ ಹುಡುಗ. 2517ರಲ್ಲಿ ಡಾ. ಹಾಲ್ಸಿ ಎಂಬ ವಿಜ್ಞಾನಿ ಅವನನ್ನು ಆಟದ ಮೈದಾನದಲ್ಲಿ ಕಂಡು, ನಾಣ್ಯ ಚಿಮ್ಮಿಸಿ ಪರೀಕ್ಷಿಸುತ್ತಾಳೆ. ಆಮೇಲೆ ಅವನೂ ಸೇರಿ ಎಪ್ಪತ್ತೈದು ಮಕ್ಕಳನ್ನು ಸೇನೆ ಹೆತ್ತವರಿಂದ ಕದಿಯುತ್ತದೆ. ಕದ್ದದ್ದು ತಿಳಿಯದಂತೆ ಮನೆಗಳಲ್ಲಿ ಅವರದೇ ತದ್ರೂಪಿ ಮಕ್ಕಳನ್ನು ಬಿಟ್ಟು ಬರುತ್ತದೆ. ಆ ತದ್ರೂಪಿಗಳು ಬಹುಕಾಲ ಬದುಕುವುದಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಈ ಮಕ್ಕಳ ಎಲುಬು, ಕಣ್ಣು, ನರಗಳನ್ನು ಬಲಪಡಿಸುವ ಶಸ್ತ್ರಚಿಕಿತ್ಸೆ. ಮೂವತ್ತು ಮಂದಿ ಸಾಯುತ್ತಾರೆ, ಹನ್ನೆರಡು ಮಂದಿ ಅಂಗಹೀನರಾಗುತ್ತಾರೆ, ಯುದ್ಧಕ್ಕೆ ಉಳಿಯುವುದು ಮೂವತ್ತಮೂರು.

ಅದರ ನಡುವೆ ಒಂದು ಸಣ್ಣ ದೃಶ್ಯವಿದೆ. ಮೂವರು ಮೂವರ ತಂಡ ಕಟ್ಟಿ, ಅಡೆತಡೆಗಳನ್ನು ದಾಟಿ ಗಂಟೆ ಬಾರಿಸುವ ಪಂದ್ಯ. ಕೊನೆಗೆ ಬಂದ ತಂಡಕ್ಕೆ ರಾತ್ರಿಯ ಊಟವಿಲ್ಲ. ಜಾನ್ ಎಲ್ಲರಿಗಿಂತ ಮೊದಲು ಓಡಿ ಗಂಟೆ ಬಾರಿಸುತ್ತಾನೆ. ಜೊತೆಗಾರರಾದ ಸ್ಯಾಮ್ ಮತ್ತು ಕೆಲ್ಲಿ ಹಿಂದೆ ಉಳಿದದ್ದರಿಂದ ಮೂವರೂ ಹಸಿದೇ ಮಲಗುತ್ತಾರೆ. ಅಭಿಮನ್ಯುವಿನ ಪ್ರಸಂಗವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಾನು ಆ ಪುಟದಲ್ಲಿ ಬಹಳ ಹೊತ್ತು ನಿಂತೆ. ಮರುದಿನ ಕರೆಂಟು ಬಂದು ಆಟ ಮುಂದುವರಿಸಿದಾಗ ಪರದೆಯ ಮೇಲಿನ ಹಸಿರು ಕವಚದೊಳಗೆ ಆ ಹುಡುಗನೇ ಇದ್ದ.

ಕಾದಂಬರಿಗೂ ‘ರೀಚ್’ ಆಟಕ್ಕೂ ಹೊಂದಿಕೆಯಾಗದ ಕಡೆಗಳಿವೆ. ಕಾದಂಬರಿಯಲ್ಲಿ ರೀಚ್ ಗ್ರಹದ ಮೇಲಿನ ದಾಳಿ 2552ರ ಆಗಸ್ಟ್ 30ರಂದು ಎರಗುತ್ತದೆ. 2010ರ ಆಟದಲ್ಲಿ ಜುಲೈಯಿಂದಲೇ ಕಾದಾಟ. ಪಿಲ್ಲರ್ ಆಫ್ ಆಟಮ್ ಹಡಗು ಕಾದಂಬರಿಯಲ್ಲಿ ಆಕಾಶದಲ್ಲಿರುತ್ತದೆ, ಆಟದಲ್ಲಿ ನೆಲದ ಮೇಲೆ ನಿಂತಿರುತ್ತದೆ. 2010ರ ಮರುಮುದ್ರಣದಲ್ಲಿ ಕೆಲವು ತಿದ್ದುಪಡಿಗಳಾದರೂ ಈ ಬಿರುಕು ಪೂರ್ತಿ ಮುಚ್ಚಿಲ್ಲ. ಇದಕ್ಕಾಗಿ ಸಿಟ್ಟಾಗುವ ಅಭಿಮಾನಿಗಳಿದ್ದಾರೆ. ಕೋಟಿ ಚೆನ್ನಯರ ಕಥೆಯನ್ನು ತುಳುವಿನ ಹಾಡುಗಥೆ ಪಾಡ್ದನದಲ್ಲಿ ಒಂದು ಬಗೆಯಾಗಿ, ಯಕ್ಷಗಾನದಲ್ಲಿ ಇನ್ನೊಂದು ಬಗೆಯಾಗಿ ಕೇಳಿದವರಿಗೆ ಸಿಟ್ಟು ಬರುವುದು ಕಷ್ಟ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ವಿಲಿಯಂ ಡೀಟ್ಸ್ ಬರೆದ ‘ದಿ ಫ್ಲಡ್’ 2003ರದ್ದು, ಮೊದಲ ಆಟದ ನೇರ ಕಾದಂಬರಿ ರೂಪ. ಗುಂಡು ಹಾರಿಸುವ ಪುಟಗಳು ತೀರಾ ಹೆಚ್ಚು; ನಾನೇ ಹಾರಿಸಿದ ಗುಂಡುಗಳ ಲೆಕ್ಕವನ್ನು ಮತ್ತೆ ಓದುವುದರಲ್ಲಿ ಸ್ವಾರಸ್ಯವಿಲ್ಲ, ಅಂಥ ಕಡೆ ಬೇಗ ದಾಟಿದೆ. ಆದರೆ ಜೆಂಕಿನ್ಸ್‌ಗಾಗಿ ಈ ಪುಸ್ತಕ ಓದಲೇಬೇಕು. ಆಟದಲ್ಲಿ ಅವನು ತನ್ನ ಶಿರಸ್ತ್ರಾಣದ ಕ್ಯಾಮೆರಾ ಹಿಡಿದ ದೃಶ್ಯವೊಂದರಲ್ಲಿ ಬಂದು ಮರೆಯಾಗುವ ಸಾಮಾನ್ಯ ಸಿಪಾಯಿ. ಕಾದಂಬರಿಯಲ್ಲಿ ಫ್ಲಡ್ ಎಂಬ ಪರೋಪಜೀವಿ ಅವನ ದೇಹವನ್ನು ಹಿಡಿದ ಮೇಲೂ ಒಳಗೆ ಅವನ ಪ್ರಜ್ಞೆ ಉಳಿದಿರುತ್ತದೆ. ತನ್ನ ಕೈಕಾಲು ತನ್ನ ಮಾತು ಕೇಳದಿರುವುದನ್ನು ಒಳಗಿನಿಂದ ನೋಡುತ್ತಿರುತ್ತಾನೆ. ಒಂದು ಪದ್ಯಕ್ಕೆ ಅರ್ಥ ಹೇಳುವುದು ಎಂದರೆ ಇದು. ಅಲ್ಲಿಂದ ನೈಲಂಡ್ ಅವರ ‘ಫಸ್ಟ್ ಸ್ಟ್ರೈಕ್’ ಮೊದಲ ಮತ್ತು ಎರಡನೆಯ ಆಟಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ. ಪ್ರಕಟವಾದ ಕ್ರಮದಲ್ಲೇ ಈ ಮೂರನ್ನು ಓದಿ. ಆಮೇಲೆ ಯಾವ ಕಡೆಗೆ ಹೋದರೂ ದಾರಿ ತಪ್ಪುವುದಿಲ್ಲ.

ಕಚೇರಿ ಮತ್ತೆ ತೆರೆದ ಮೇಲೆ ಓದು ಬಸ್ಸಿಗೆ ಬಂತು. ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಹತ್ತಿ ಕಿಟಕಿಯ ಬದಿ ಸಿಕ್ಕರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದವರೆಗೆ ಒಂದು ಗಂಟೆಗೂ ಮಿಕ್ಕಿದ ಸಮಯ. ವಾರದ ದಿನಗಳಲ್ಲಿ ಓದು, ಭಾನುವಾರ ಅದೇ ಭಾಗದ ಆಟ. ಕರೆನ್ ಟ್ರಾವಿಸ್ ಅವರ ಮೂರು ಕಾದಂಬರಿಗಳನ್ನು ಹೀಗೆಯೇ ಹಿಡಿದೆ. ನೈಲಂಡ್ ಅವರ ಹಾಲ್ಸಿ ತನ್ನ ಪಾಪದ ಭಾರ ಹೊತ್ತು ನಡೆಯುವ ಹೆಂಗಸು. ಟ್ರಾವಿಸ್ ಅವಳನ್ನು ಕಟಕಟೆಗೆ ತಂದು ನಿಲ್ಲಿಸುತ್ತಾರೆ. ಬಹಳ ಮಂದಿಗೆ ಇದು ಹಿಡಿಸಿಲ್ಲ. ನನಗೆ ಟ್ರಾವಿಸ್ ಕೇಳಿದ ಪ್ರಶ್ನೆಗಳು ನ್ಯಾಯವೆಂದೇ ಕಂಡವು; ಎಪ್ಪತ್ತೈದು ಮನೆಗಳ ಪರವಾಗಿ ಯಾರಾದರೂ ಕೇಳಲೇಬೇಕಿತ್ತು.

2014ರ ‘ಮಾರ್ಟಲ್ ಡಿಕ್ಟೇಟಾ’ದಲ್ಲಿ ಅಂಥ ಒಂದು ಮನೆ ಇದೆ. ಕಾಣೆಯಾಗಿ ಮರಳಿ ಸಿಕ್ಕ ಮಗು ತನ್ನ ನವೋಮಿ ಅಲ್ಲ ಎಂದು ತಂದೆ ಸ್ಟಾಫಾನ್‌ಗೆ ಅನಿಸುತ್ತದೆ. ಯಾರೂ ನಂಬುವುದಿಲ್ಲ. ಅವನು ದಶಕಗಳ ಕಾಲ ಸತ್ಯವನ್ನು ಹುಡುಕುತ್ತಾನೆ. ಒಂದು ಸಂಜೆ ಅಮ್ಮ ಜಗಲಿಯಲ್ಲಿ ಕುಳಿತು ಮರುದಿನದ ಮಾರುಕಟ್ಟೆಗೆ ಮಲ್ಲಿಗೆ ಕಟ್ಟುತ್ತಿದ್ದಾಗ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಹಡಗು, ಗ್ರಹ, ಕವಚಗಳ ಗೋಜಿಗೆ ಹೋಗಲಿಲ್ಲ. ಅಮ್ಮ ಮಾತಾಡದೆ ಕೇಳುತ್ತಾ ಒಂದು ಚೆಂಡು ಮುಗಿಸಿದರು, ಇನ್ನೊಂದಕ್ಕೆ ಬಾಳೆನಾರು ಎತ್ತಿಕೊಂಡರು.

“ಕೊನೆಗೆ ಆ ತಂದೆಗೆ ಮಗಳು ಸಿಕ್ಕಿದಳೇ?” ಎಂದು ಕೇಳಿದರು.

ನಾನು ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಊಟ ಮುಗಿಸಿ, ಬಸ್ಸಿಗೆಂದು ಎತ್ತಿಟ್ಟಿದ್ದ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆದೆ. ಅಮ್ಮ ಹೂವಿನ ಬುಟ್ಟಿಯನ್ನು ನನ್ನ ದೀಪದ ಬಳಿಗೆ ಸರಿಸಿಕೊಂಡು ಕುಳಿತರು.