ಸೋಲಾರ್ ಕೀಬೋರ್ಡ್ ಕೊಳ್ಳುವ ಮುನ್ನ ಮಳೆಗಾಲದ ಬೆಳಕು ಅಳೆಯಿರಿ

ಸೆಲ್ ಬೇಡ, ಚಾರ್ಜರ್ ಬೇಡ, ಬೆಳಕೊಂದಿದ್ದರೆ ಸಾಕು ಎನ್ನುವ ಜಾಹೀರಾತು ನೋಡಿ ಸೋಲಾರ್ ಕೀಬೋರ್ಡ್‌ಗೆ ಮನಸೋತವರು ಮೊದಲು ನೋಡಬೇಕಾದದ್ದು ಕೀಬೋರ್ಡನ್ನಲ್ಲ, ಅದನ್ನು ಇಡುವ ಮೇಜನ್ನು. ಮಾರ್ಚ್ ತಿಂಗಳ ಮಂಗಳೂರಿನಲ್ಲಿ ಬೆಳಕಿಗೇನೂ ಬರವಿಲ್ಲ. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಿಕೊಂಡು ಊಟಕ್ಕೆ ಕೂರುವ ಮನೆಗಳು ಉಡುಪಿ ಕಡೆ ಎಷ್ಟಿಲ್ಲ? ಅಂಥ ದಿನ ಕಂಪ್ಯೂಟರ್ ಮೇಜಿನ ಮೇಲೆ ಎಷ್ಟು ಬೆಳಕಿರುತ್ತದೆ ಎಂಬುದರ ಮೇಲೆ ನಿಮ್ಮ ಖರೀದಿ ನಿಂತಿದೆ.

ಇಷ್ಟು ಸಣ್ಣ ಪಟ್ಟಿಗೆ ಅಷ್ಟು ಶಕ್ತಿ ಎಲ್ಲಿಂದ?

ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ ನೆನೆದು ಹೆದರಬೇಕಿಲ್ಲ. ವೈರ್‌ಲೆಸ್ ಕೀಬೋರ್ಡ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಕೀ ಒತ್ತಿದಾಗ ಮಾತ್ರ ಎಚ್ಚೆತ್ತು ಒಂದು ಪುಟ್ಟ ರೇಡಿಯೊ ಸಂಕೇತ ಕಳಿಸಿ ಮತ್ತೆ ಮಲಗುತ್ತದೆ. ಮೇಲಂಚಿನಲ್ಲಿ ಒಂದಡಿ ಉದ್ದ, ಎರಡು ಸೆಂಟಿಮೀಟರ್ ಅಗಲದ ಸೌರಪಟ್ಟಿ ಇದೆ ಎಂದುಕೊಳ್ಳಿ. ಸಾಧಾರಣ ಕೋಣೆಯ ಬೆಳಕಿನಲ್ಲಿ ಅದರಿಂದ ಹುಟ್ಟುವುದು ಹೆಚ್ಚೆಂದರೆ ಒಂದು ಮಿಲಿವಾಟ್ ಆಸುಪಾಸು. ಮೊಬೈಲ್ ಚಾರ್ಜ್ ಮಾಡಲು ಹೊರಟರೆ ನಗೆಪಾಟಲು, ಕೀಬೋರ್ಡ್‌ಗೆ ಧಾರಾಳ. ಹುಟ್ಟಿದ ವಿದ್ಯುತ್ತು ಒಳಗಿನ ಸಣ್ಣ ಬ್ಯಾಟರಿಗೆ ಸೇರುತ್ತದೆ, ಕತ್ತಲಲ್ಲಿ ಟೈಪಿಸುವಾಗ ಖರ್ಚಾಗುವುದು ಆ ಉಳಿತಾಯ. ಹಾಗಾಗಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಯುತ್ತಿರುವಾಗ ಕೀಬೋರ್ಡ್ ಕೈಕೊಡುತ್ತದೆಂಬ ಭಯ ಬೇಡ.

ಈ ಬಗೆಯಲ್ಲಿ ಹೆಚ್ಚು ಹೆಸರು ಮಾಡಿದ್ದು 2010ರಲ್ಲಿ ಬಂದ ಲಾಜಿಟೆಕ್ ಕೆ750. ಪೂರ್ತಿ ಚಾರ್ಜ್ ಆದರೆ ಗಾಢ ಕತ್ತಲಲ್ಲೂ ಮೂರು ತಿಂಗಳು ನಡೆಯುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. 2025ರಲ್ಲಿ ಅದೇ ಕಂಪನಿ ಕೆ980 ತಂದಿತು. ಇದಕ್ಕೆ 200 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಸಾಕು, ಕತ್ತಲಲ್ಲಿ ನಾಲ್ಕು ತಿಂಗಳು ತಾಳುತ್ತದೆ ಎನ್ನುವುದು ಅವರ ಲೆಕ್ಕ. ನಾಲ್ಕು ತಿಂಗಳೆಂದರೆ ಹೆಚ್ಚುಕಡಿಮೆ ನಮ್ಮ ಇಡೀ ಮಳೆಗಾಲ. ಮಳೆಗಾಲವೆಂದರೆ ಗಾಢ ಕತ್ತಲೇನೂ ಅಲ್ಲವಲ್ಲ. ಕಾಗದದ ಮೇಲೆ ಕರಾವಳಿಯವರು ನಿಶ್ಚಿಂತರು. ಆದರೆ ನಮ್ಮ ಮನೆಗಳಲ್ಲಿ ಕೀಬೋರ್ಡ್ ಎಲ್ಲಿರುತ್ತದೆ?

ಮೊದಲ ಕೆಲಸ: ಮೇಜಿನ ತಪಾಸಣೆ

ಇಲ್ಲಿ ಅವಸರ ಬೇಡ. ಸೋಲಾರ್ ಕೀಬೋರ್ಡ್‌ನ ದೊಡ್ಡ ಶತ್ರು ಮೋಡವಲ್ಲ, ನಮ್ಮ ಕಂಪ್ಯೂಟರ್ ಟೇಬಲ್. ಕೀಬೋರ್ಡ್ ಇಡಲೆಂದು ಕೆಳಗೊಂದು ಜಾರುವ ಹಲಗೆ, ಕೆಲಸ ಮುಗಿದರೆ ಒಳಗೆ ತಳ್ಳಿಬಿಡುವುದು. ಅಲ್ಲಿಗೆ ಸೌರಪಟ್ಟಿ ದಿನದ ಇಪ್ಪತ್ತು ಗಂಟೆ ಗೂಡಿನೊಳಗೆ. ಹಲಗೆ ಹೊರಗೆಳೆದಾಗಲೂ ಕೀಬೋರ್ಡ್‌ನ ಮೇಲಂಚು, ಅಂದರೆ ಸರಿಯಾಗಿ ಸೌರಪಟ್ಟಿ ಇರುವ ಭಾಗವೇ, ಮೇಜಿನ ನೆರಳಲ್ಲಿ ಉಳಿಯುವುದುಂಟು. ಇನ್ನು ಧೂಳಿಗೆಂದು ಹೊದಿಸುವ ಟವೆಲ್, ಹಲ್ಲಿ ಹಿಕ್ಕೆಗೆ ಹೆದರಿ ಮುಚ್ಚುವ ಪ್ಲಾಸ್ಟಿಕ್ ಕವರ್. ಒಪ್ಪವಾಗಿ ಮುಚ್ಚಿಡುವ ಮನೆಯವರಿಗೆ ಈ ಕೀಬೋರ್ಡ್ ಹೇಳಿಸಿದ್ದಲ್ಲ. ಮೇಜಿನ ಮೇಲೆಯೇ, ತೆರೆದಿಡಲು ಒಪ್ಪುವಿರಾದರೆ ಮಾತ್ರ ಮುಂದೆ ಓದಿ.

ಮಾನಿಟರ್ ಕೂಡ ನೆರಳು ಹಾಕುತ್ತದೆ. ಕಿಟಕಿ ಮಾನಿಟರಿನ ಬೆನ್ನಿಗಿದ್ದರೆ ಅದರ ನೆರಳು ನೇರವಾಗಿ ಕೀಬೋರ್ಡ್ ಮೇಲೆ. ಪಕ್ಕದ ಗೋಡೆಯಲ್ಲಿ ಕಿಟಕಿ ಇದ್ದರೆ ಒಳ್ಳೆಯದು, ಕಣ್ಣಿಗೂ ಹಿತ. ಹಳೆಯ ಹಂಚಿನ ಮನೆಯವರಿಗೆ ಒಂದು ಅನುಕೂಲವಿದೆ: ಮಾಡಿಗೆ ಅಲ್ಲಲ್ಲಿ ಗಾಜಿನ ಹಂಚು ಹೊದಿಸಿದ್ದರೆ ಅದರ ಕೆಳಗೆ ಮಳೆಗಾಲದಲ್ಲೂ ಮೇಲಿನಿಂದಲೇ ಬೆಳಕು ಬೀಳುತ್ತದೆ. ಪಾಚಿ ಕಟ್ಟಿದ್ದರೆ ಮಳೆಗೆ ಮೊದಲು ತೊಳೆಸಿ. ಉಳಿದಂತೆ ಅಗಲವಾದ ಇಳಿಜಾರು ಮಾಡು, ಎದುರಿಗೆ ತೆಂಗು, ಹಲಸು ಇರುವ ಮನೆಗಳ ಒಳಕೋಣೆಯಲ್ಲಿ ಹಗಲೂ ಮಬ್ಬೇ. ಕದ್ರಿ, ಬೆಂದೂರ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ನೋಡಬೇಕಾದದ್ದು ಪಕ್ಕದ ಕಟ್ಟಡ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು.

ಬೆಳಕು ಅಳೆಯುವುದು ಹೀಗೆ

ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಮೇಲಂಚಿನ ಹತ್ತಿರ ಬೆಳಕಿನ ಸೆನ್ಸರ್ ಇರುತ್ತದೆ. ‘ಲಕ್ಸ್ ಮೀಟರ್’ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಫೋನಿನ ಮುಖ ಮೇಲಾಗಿ, ಸೌರಪಟ್ಟಿ ಬರುವ ಜಾಗದಲ್ಲೇ ಇಡಿ. ಮೇಲೆ ಬಾಗಿ ನೋಡಿದರೆ ನಿಮ್ಮ ತಲೆಯ ನೆರಳೇ ಅಳತೆ ಕೆಡಿಸುತ್ತದೆ. ಕುರ್ಚಿಯಲ್ಲಿ ಟೈಪಿಸುವ ಭಂಗಿಯಲ್ಲೇ ಕೂತು ಓದಿಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಮ್ಮೊಮ್ಮೆ, ರಾತ್ರಿ ಟ್ಯೂಬ್‌ಲೈಟ್ ಹಾಕಿ ಇನ್ನೊಮ್ಮೆ. ಮೋಡ ಮುಚ್ಚಿದ ದಿನ ಅಳೆದರಂತೂ ಬಹಳ ಒಳ್ಳೆಯದು. ಬಿಸಿಲಿನ ದಿನದ ಅಳತೆ ನಂಬಿ ಕೊಂಡರೆ ಜುಲೈಯಲ್ಲಿ ಪೇಚಾಟ.

ಅಂಕಿ ಅರ್ಥವಾಗಲು ಒಂದಿಷ್ಟು ಆಧಾರ: ನೇರ ಬಿಸಿಲು ಸುಮಾರು 1,00,000 ಲಕ್ಸ್. ಮೋಡದ ಹಗಲಲ್ಲಿ ಬಯಲಿನಲ್ಲಿ 1,000ದಿಂದ 10,000. ಒಳ್ಳೆಯ ಬೆಳಕಿನ ಕಚೇರಿ ಮೇಜಿನ ಮೇಲೆ 300ರಿಂದ 500. ರಾತ್ರಿ ಒಂದೇ ದೀಪ ಉರಿಯುವ ಮನೆಯ ಕೋಣೆಯಲ್ಲಿ 100–150, ಮೂಲೆಯಲ್ಲಿ ಅದಕ್ಕೂ ಕಮ್ಮಿ. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಸರಿದರೆ ಅಂಕಿ ದಡಕ್ಕನೆ ಇಳಿಯುವುದನ್ನು ಕಂಡು ಅಚ್ಚರಿಪಡಬೇಡಿ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮಬ್ಬು ದಿನದಲ್ಲೂ ಹಗಲಿನ ಕೆಲವು ಗಂಟೆ 200 ಲಕ್ಸ್ ದಾಟುತ್ತಿದ್ದರೆ ಧೈರ್ಯವಾಗಿ ಕೊಳ್ಳಿ. ದೀಪ ಹಾಕಿದಾಗ ಮಾತ್ರ ದಾಟುವುದಾದರೂ ಅಡ್ಡಿಯಿಲ್ಲ. ಹೇಗೂ ಕೂತು ಟೈಪಿಸುವ ಹೊತ್ತಿಗೆ ದೀಪ ಇದ್ದೇ ಇರುತ್ತದೆ, ಎಲ್ಇಡಿ ಬೆಳಕೂ ಇಂಥ ಪಟ್ಟಿಗೆ ಆಗುತ್ತದೆ. ದೀಪ ಹಾಕಿದರೂ ನೂರು ಮುಟ್ಟದಿದ್ದರೆ ಕೀಬೋರ್ಡ್ ಬದಲು ಒಂದು ಟೇಬಲ್ ಲ್ಯಾಂಪ್ ತನ್ನಿ. ಆಮೇಲೆ ಯೋಚಿಸಿದರಾಯಿತು.

ಬ್ಯಾಟರಿ ಬದಲಿಸಬಹುದೇ?

ಸೌರಪಟ್ಟಿ ವರ್ಷಗಟ್ಟಲೆ ಬಾಳುತ್ತದೆ, ಮೊದಲು ಸೋಲುವುದು ಬ್ಯಾಟರಿ. ಕೆ750ಯಲ್ಲಿದ್ದದ್ದು ಎಂಎಲ್2032 ಎಂಬ ಬಟನ್ ಸೆಲ್. ಇದು ಮೂರು ವೋಲ್ಟಿನದು, ಮತ್ತೆ ಮತ್ತೆ ಚಾರ್ಜ್ ಆಗುವಂಥದ್ದು. ಬದಿಯ ಪುಟ್ಟ ಟ್ರೇ ಎಳೆದು ಬದಲಿಸಬಹುದಿತ್ತು. ಎಚ್ಚರ ಬೇಕಾದದ್ದು ಇಲ್ಲೇ. ಅದೇ ಗಾತ್ರದ ಸಿಆರ್2032 ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಟ್ರೇಯಲ್ಲಿ ಕೂರುತ್ತದೆ ಕೂಡ. ಆದರೆ ಅದು ಚಾರ್ಜ್ ಮಾಡುವ ಸೆಲ್ ಅಲ್ಲ. ಚಾರ್ಜ್ ಹರಿಸಿದರೆ ಉಬ್ಬಿ ಸೋರುವ, ಒಡೆಯುವ ಅಪಾಯವಿದೆ. ಎಲ್ಐಆರ್2032 ಚಾರ್ಜ್ ಆಗುವುದು ನಿಜ, ವೋಲ್ಟೇಜ್ ಮಾತ್ರ ಬೇರೆ. ಅದೂ ಬೇಡ. ಕಂಪನಿ ಹೇಳಿದ ಅಕ್ಷರ, ಅಂಕಿ ಎರಡೂ ಹೊಂದಿದ ಸೆಲ್ ಅನ್ನೇ ಹಾಕಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ತೆಗೆದ ಹಳೆಯ ಸೆಲ್ ಕೈಗೆ ಸಿಗದಂತಿರಲಿ. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಆನ್‌ಲೈನ್‌ನಲ್ಲಿ ಹಳೆಯ ಮಾಡೆಲ್ ಅಗ್ಗಕ್ಕೆ ಕಂಡರೆ ಇನ್ನೊಂದು ಸಂಗತಿ ನೆನಪಿರಲಿ. ಪೆಟ್ಟಿಗೆಯೊಳಗೆ ಕತ್ತಲಲ್ಲಿ ವರ್ಷಗಳೇ ಬಿದ್ದಿದ್ದ ಬ್ಯಾಟರಿ ಸತ್ವ ಕಳೆದುಕೊಂಡಿರಬಹುದು. ಬ್ಯಾಟರಿ ಬದಲಿಸಲಾಗದ ಮಾಡೆಲ್ ಆದರೆ ಆ ಅಗ್ಗ ಲಾಭವಲ್ಲ.

ರಿಸೀವರ್ ಬೇಕೇ, ಬ್ಲೂಟೂತ್ ಬೇಕೇ?

ಲ್ಯಾಪ್‌ಟಾಪ್ ಇದ್ದವರಿಗೆ ಬ್ಲೂಟೂತ್ ಸಾಕು, ಟ್ಯಾಬ್ಲೆಟ್‌ಗೂ ಅದೇ ಕೀಬೋರ್ಡ್ ಜೋಡಿಸಬಹುದು. ಮನೆಯ ಹಳೆಯ ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ರಿಸೀವರ್ (ಕೀಬೋರ್ಡ್‌ನ ಸಂಕೇತ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ತುಂಡು) ಇರುವ ಮಾಡೆಲೇ ವಾಸಿ. ಅಂಥ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇರುವುದೇ ಅಪರೂಪ. ಇದ್ದರೂ, ವಿಂಡೋಸ್ ತೆರೆಯುವ ಮೊದಲು ಬರುವ ಬಯೋಸ್ ಪರದೆಯಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಸಿಡಿಲಿಗೋ ಕರೆಂಟ್ ಏರುಪೇರಿಗೋ ಕಂಪ್ಯೂಟರ್ ಕೆಟ್ಟು ಆ ಪರದೆಯಲ್ಲಿ ನಿಂತಾಗ ರಿಪೇರಿಯವರು ಮೊದಲು ಕೇಳುವುದು ವಯರಿನ ಕೀಬೋರ್ಡ್. ಒಂದನ್ನು ಅಟ್ಟದಲ್ಲಿ ಉಳಿಸಿಕೊಳ್ಳಿ.

ರಿಸೀವರನ್ನು ಸಿಪಿಯು ಹಿಂಬದಿಯ ನೀಲಿ ಯುಎಸ್‌ಬಿ 3 ಕಿಂಡಿಗೆ ಸಿಕ್ಕಿಸಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಜೋಡಿಸಿದರೆ ಅಕ್ಷರಗಳು ತಡವರಿಸುವುದುಂಟು. ಯುಎಸ್‌ಬಿ 3 ಹೊರಸೂಸುವ ಗದ್ದಲ ಇಂಥ ಕೀಬೋರ್ಡ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡ ಬರುತ್ತದೆಂದು 2012ರಲ್ಲೇ ಇಂಟೆಲ್ ವಿವರಿಸಿತ್ತು. ಮುಂಬದಿಯ ಕಪ್ಪು ಕಿಂಡಿ ಅಥವಾ ಒಂದು ಗೇಣು ಎಕ್ಸ್‌ಟೆನ್ಶನ್ ಕೇಬಲ್ ಇದಕ್ಕೆ ಮದ್ದು. ಬ್ಯಾಟರಿ ಮುಗಿಯಿತೆಂದು ಸೌರಪಟ್ಟಿಯನ್ನು ಶಪಿಸುವ ಮುನ್ನ ಇದನ್ನೊಮ್ಮೆ ಮಾಡಿ ನೋಡಿ.

ಬ್ಯಾಂಕಿನ ಪಾಸ್‌ವರ್ಡ್ ಎಲ್ಲ ಇದರಲ್ಲೇ ಟೈಪಿಸುತ್ತೀರಿ. 2016ರಲ್ಲಿ ಹಲವು ಕಂಪನಿಗಳ ರಿಸೀವರುಗಳಲ್ಲಿ ‘ಮೌಸ್‌ಜಾಕ್’ ಎಂಬ, ಹೊರಗಿನವರು ಸುಳ್ಳು ಕೀ ಸಂಕೇತ ತೂರಿಸಲು ಎಡೆಯಾಗುವ ಭದ್ರತಾ ದೋಷ ಬಯಲಾಗಿತ್ತು. ಹಳೆಯ ಮಾಡೆಲ್ ಕೊಂಡರೆ ಕಂಪನಿಯ ತಾಣದಿಂದ ರಿಸೀವರ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಿ. ನಮ್ಮ ದೇಶದಲ್ಲಿ ಮಾರುವ ವೈರ್‌ಲೆಸ್ ಕೀಬೋರ್ಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಬೆನ್ನಿನ ಚೀಟಿಯಲ್ಲಿ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಹುಡುಕಿ. ಅದೇ ಇಲ್ಲದ, ಹೆಸರು ಕೇಳರಿಯದ ಸರಕು ಬೇಡ.

ಕನ್ನಡ ಟೈಪಿಸುವವರಿಗೆ

ಕೀಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕಿಲ್ಲ. ಕನ್ನಡ ಟೈಪಿಸುವ ತಂತ್ರಾಂಶ ‘ನುಡಿ’ಯಲ್ಲಿ ಬಳಸುವ ಕೀ ವಿನ್ಯಾಸಕ್ಕೆ ಮೂಲ ಹಾಕಿದ ಕೆ.ಪಿ. ರಾವ್ ಮಂಗಳೂರು ಬಳಿಯ ನಮ್ಮ ಕಿನ್ನಿಕಂಬಳದವರೇ. ಇಂಗ್ಲಿಷ್ ಕೀಗಳಲ್ಲೇ ಕನ್ನಡ ಕೂರಿಸಿಕೊಟ್ಟರು. ಅದರಲ್ಲಿ ಮಹಾಪ್ರಾಣಕ್ಕೆ, ದೀರ್ಘಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ಎಫ್ ಕೀ. ಹಾಗಾಗಿ ಇಂಗ್ಲಿಷ್ ಟೈಪಿಸುವವರಿಗಿಂತ ನಮ್ಮ ಕಿರುಬೆರಳಿಗೆ ಕೆಲಸ ಜಾಸ್ತಿ. ಸೋಲಾರ್ ಕೀಬೋರ್ಡುಗಳು ಹೆಚ್ಚಾಗಿ ತೆಳುವಾದವು, ಕೀ ಒತ್ತಿದರೆ ಸ್ವಲ್ಪವೇ ಇಳಿಯುತ್ತದೆ. ಕೆಲವರಿಗೆ ಹಿತ, ಕೆಲವರಿಗೆ ಹಲಗೆ ಕುಟ್ಟಿದಂತೆ. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಅಂಗಡಿಗೆ ಹೋದರೆ ಅಂಥದೇ ತೆಳು ಕೀಬೋರ್ಡ್ ಒಂದನ್ನು ಕೇಳಿ, ‘ಧರ್ಮಸ್ಥಳ’, ‘ಉಚ್ಛ್ವಾಸ’ದಂಥ ಪದಗಳನ್ನು ಹೊಡೆದು ನೋಡಿ. ಎಡ ಶಿಫ್ಟ್ ಗಿಡ್ಡವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಕೊಳ್ಳಬೇಕೇ?

ದುಡ್ಡು ಉಳಿಸುವ ಲೆಕ್ಕದಲ್ಲಾದರೆ ಬೇಡ. ಎರಡು ಎಎಎ ಸೆಲ್ ಹಾಕಿದರೆ ವರ್ಷಕ್ಕೂ ಮಿಕ್ಕಿ ನಡೆಯುವ ವೈರ್‌ಲೆಸ್ ಕೀಬೋರ್ಡುಗಳಿವೆ. ಸೆಲ್‌ಗಾಗುವ ಖರ್ಚಿನಿಂದ ಸೋಲಾರ್‌ನ ಹೆಚ್ಚಿನ ಬೆಲೆ ಹೊರಡುವಷ್ಟರಲ್ಲಿ ಕಂಪ್ಯೂಟರೇ ಬದಲಾಗಿರುತ್ತದೆ. ಸೋಲಾರ್‌ನ ಲಾಭ ಬೇರೆ ಕಡೆ ಇದೆ. ಸೆಲ್ ಹಾಕಿ ಮರೆತ ಕೀಬೋರ್ಡ್‌ನಲ್ಲಿ ಅದು ಸೋರಿ, ನಮ್ಮ ತೇವದ ಉಪ್ಪುಗಾಳಿಯೂ ಸೇರಿ, ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆ ರಗಳೆ ಇಲ್ಲಿ ಇಲ್ಲ. ಸೆಲ್ ಬದಲಿಸುವ ಉಸಾಬರಿ ಬೇಡವೆನ್ನುವ ಹಿರಿಯರಿಗೂ ಇದು ಅನುಕೂಲ. ಆದರೆ ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇದ್ದು, ಊರ ಮನೆಗೆ ವರ್ಷಕ್ಕೊಮ್ಮೆ ಬಂದು ಬಾಗಿಲು ತೆರೆಯುವವರಿಗೆ ನನ್ನ ಮತ ಸೆಲ್ ಕೀಬೋರ್ಡ್‌ಗೇ. ಹೊರಡುವಾಗ ಸೆಲ್ ತೆಗೆದಿಟ್ಟರಾಯಿತು. ಮುಚ್ಚಿದ ಮನೆಯ ಕತ್ತಲಲ್ಲಿ ತಿಂಗಳುಗಟ್ಟಲೆ ಬಿದ್ದ ಸೋಲಾರ್ ಬ್ಯಾಟರಿಗೆ ಮತ್ತೆ ಜೀವ ಬರುವುದು ಕಷ್ಟವಾಗಬಹುದು.

ತಂದ ಮೇಲೆ

ಮೊದಲ ಎರಡು ದಿನ ಕಿಟಕಿಯ ಬಳಿ, ನೇರ ಬಿಸಿಲು ತಾಗದ ಕಡೆ ಇಡಿ. ಬೇಗ ಚಾರ್ಜ್ ಆಗಲೆಂದು ಅಂಗಳದ ಬಿಸಿಲಿಗೆ ಒಡ್ಡಬೇಡಿ. ಕಾವಿಗೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ವಾರಕ್ಕೊಮ್ಮೆ ಹಿಂಡಿದ ಬಟ್ಟೆಯಿಂದ ಪಟ್ಟಿ ಒರೆಸಿ, ಸ್ಪಿರಿಟ್ ಬೇಡ. ಪಕ್ಕದಲ್ಲಿ ಚಹಾ, ಚಕ್ಕುಲಿ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇರುವೆ ಒಳಗೆ ಸೇರುತ್ತದೆ, ಅದಕ್ಕೆ ಸೋಲಾರ್, ಸೆಲ್ ಎಂಬ ಭೇದವಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಅದನ್ನು ಎಂದಿನ ಜಾಗದಲ್ಲಿಟ್ಟು, ಎಂದಿನಂತೆ ಬಳಸಿ, ಚಾರ್ಜ್ ತೋರಿಸುವ ದೀಪವನ್ನು ಬೆಳಿಗ್ಗೆ ಸಂಜೆ ನೋಡಿ. ಏರದಿದ್ದರೂ ಚಿಂತೆಯಿಲ್ಲ, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.