ಕೆನ್ನೆಯ ಇಸಬಿನಿಂದ ಎದೆಯ ಉಬ್ಬಸದವರೆಗೆ: ಮಗುವಿನ ಅಲರ್ಜಿ ನಿಭಾಯಿಸುವುದು ಹೇಗೆ?

ಮೂರು ತಿಂಗಳ ಕೂಸಿನ ಕೆನ್ನೆ ಕೆಂಪಾಗಿ ಒರಟಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಮೊಟ್ಟೆ ತಿಂದರೆ ಮೈತುಂಬ ಗಂದೆ. ನಾಲ್ಕೈದು ವರ್ಷಕ್ಕೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಆಮೇಲೆ ಬೆಳಗೆದ್ದ ಕೂಡಲೇ ಸಾಲು ಸೀನು. ಇಸಬಿಗೆ ಚರ್ಮದ ಡಾಕ್ಟರು, ಉಬ್ಬಸಕ್ಕೆ ಇನ್ನೊಬ್ಬರು ಅಂತ ಓಡಾಡುವ ಅಪ್ಪ ಅಮ್ಮನಿಗೆ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು ಎಂದು ಹೊಳೆಯುವುದು ತಡವಾಗಿ. ವೈದ್ಯರು ಇದನ್ನು ‘ಅಟೋಪಿಕ್ ಮಾರ್ಚ್’ ಎನ್ನುತ್ತಾರೆ. ಅಲರ್ಜಿಯ ಮೆರವಣಿಗೆ ಅಂತ ಇಟ್ಟುಕೊಳ್ಳಿ. ಇಸಬು ಬಂದ ಮಕ್ಕಳೆಲ್ಲ ಮೆರವಣಿಗೆ ಪೂರ್ತಿ ಹೋಗುವುದಿಲ್ಲ. ಎಷ್ಟೋ ಮಕ್ಕಳದ್ದು ಕೆನ್ನೆಯಲ್ಲೇ ಮುಗಿಯುತ್ತದೆ. ಆದರೆ ಇಸಬು ಎಷ್ಟು ಬೇಗ ಬರುತ್ತದೋ, ಎಷ್ಟು ಜೋರಾಗಿರುತ್ತದೋ, ಮುಂದಿನವು ಬರುವ ಸಾಧ್ಯತೆ ಅಷ್ಟು ಜಾಸ್ತಿ.

ಹೆಂಚು ತೆಗೆದು ಇಳಿದವನು

ನಮ್ಮ ಚರ್ಮದ ಮೇಲ್ಪದರವನ್ನು ಬಿಗಿಯಾಗಿ ಕಟ್ಟಿಡುವ ಒಂದು ಪ್ರೋಟೀನ್ ಇದೆ, ಹೆಸರು ಫಿಲಾಗ್ರಿನ್. ಅದರ ಜೀನ್‌ನಲ್ಲಿ ದೋಷವಿದ್ದರೆ ಇಸಬು ಬರುವ ಸಾಧ್ಯತೆ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಗೋಡೆ ಸಡಿಲವಾದರೆ ನೀರು ಹೊರಗೆ ಹೋಗುತ್ತದೆ, ಧೂಳು, ಆಹಾರದ ಕಣಗಳು ಒಳಗೆ ಬರುತ್ತವೆ.

ಬಾಗಿಲಿಂದ ಬಂದವರು ನೆಂಟರು, ಹೆಂಚು ತೆಗೆದು ಇಳಿದವನು ಕಳ್ಳ, ಅಲ್ವಾ? ದೇಹದ ಲೆಕ್ಕವೂ ಹೆಚ್ಚುಕಡಿಮೆ ಹಾಗೇ. ಬಾಯಿಂದ ಹೊಟ್ಟೆಗೆ ಹೋದ ಕಡಲೆಕಾಯಿಯನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಅದೇ ಕಡಲೆಕಾಯಿಯ ಕಣ ಒಡೆದ ಚರ್ಮದಿಂದ ನುಗ್ಗಿದರೆ ಶತ್ರು ಎಂದು ಗುರುತಿಟ್ಟುಕೊಳ್ಳಬಹುದು. ಆ ಗುರುತಿನ ಹೆಸರೇ ಐಜಿಇ, ಅಲರ್ಜಿಗೆ ಕಾರಣವಾಗುವ ಒಂದು ಪ್ರತಿಕಾಯ. ರಕ್ತದಲ್ಲಿ ಇಡೀ ಮೈ ಸುತ್ತುವ ಈ ಐಜಿಇ, ಮುಂದೆ ಮೂಗು, ಶ್ವಾಸನಾಳಗಳಲ್ಲೂ ಕಿತಾಪತಿ ಮಾಡುತ್ತದೆ. ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಡಾ. ಗಿಡಿಯನ್ ಲ್ಯಾಕ್ ಹೇಳುತ್ತ ಬಂದಿದ್ದು ಈ ಎರಡು ದಾರಿಯ ಮಾತನ್ನೇ. ಅವರ ತಂಡ ಜೋರು ಇಸಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಕಡಲೆಕಾಯಿ ಕೊಟ್ಟರು, ಇನ್ನೊಂದಕ್ಕೆ ಬಿಡಿಸಿದರು. 2015ರಲ್ಲಿ ಫಲಿತಾಂಶ ಬಂತು. ಐದು ವರ್ಷ ತುಂಬುವಾಗ ಬಿಟ್ಟವರಲ್ಲಿ ಶೇ 17.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ, ತಿಂದವರಲ್ಲಿ ಶೇ 3.2ಕ್ಕೆ ಮಾತ್ರ. ‘ಬೇಡ’ ಎಂದು ದೂರವಿಟ್ಟಿದ್ದೇ ಮುಳುವಾಗಿತ್ತು.

ಹೆಜ್ಜೆ 1: ಮೊದಲು ಚರ್ಮ

ನಮ್ಮ ಮನೆಗಳ ಸ್ನಾನ ಗೊತ್ತಲ್ಲ. ಹಂಡೆಯ ಸುಡುಸುಡು ನೀರು, ಕಡಲೆಹಿಟ್ಟು ಹಾಕಿ ತಿಕ್ಕೋದು, ಕೂಸು ಕೆಂಪಾದರೆ ‘ಚೆನ್ನಾಗಿ ಎರೆದಿದೀನಿ’ ಎಂಬ ಸಮಾಧಾನ. ಇಸಬಿನ ಮಗುವಿಗೆ ಇದು ಬೇಡ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ವಾಸನೆಯಿಲ್ಲದ ಸೌಮ್ಯ ಸೋಪು. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಮೈ ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ದಪ್ಪ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಸಲವಾದರೂ. ಒಡೆದ ಚರ್ಮಕ್ಕೆ ತಿನ್ನುವ ಹಿಟ್ಟು, ಕಡಲೆಕಾಯಿ ಎಣ್ಣೆ ತಿಕ್ಕಬೇಡಿ. ನೀವು ಚಟ್ನಿಪುಡಿ ಕಲಸಿದ ಕೈಯಲ್ಲೇ ಡಬ್ಬಿಗೆ ಬೆರಳು ಹಾಕಬೇಡಿ. ಕ್ರೀಮನ್ನು ಚಮಚದಲ್ಲಿ ತೆಗೆದುಕೊಳ್ಳಿ.

ಸ್ಟಿರಾಯ್ಡ್ ಮುಲಾಮು ಎಂದರೆ ಹೆದರುವವರೇ ಹೆಚ್ಚು. ಡಾಕ್ಟರು ಬರೆದದ್ದನ್ನು ಹೇಳಿದಷ್ಟು ದಿನ ಹಚ್ಚಿದರೆ ಉರಿಯೂತ ಇಳಿಯುತ್ತದೆ. ಅಳತೆ ಸುಲಭ: ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು, ಬೆರಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಹೆದರಬೇಕಾದ್ದು ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವ, ಸ್ಟಿರಾಯ್ಡ್ ಜೊತೆ ಬೇರೆ ಔಷಧಿ ಬೆರೆಸಿದ ಮಿಕ್ಸ್ ಟ್ಯೂಬುಗಳಿಗೆ.

ಹಾಗಾದರೆ ಇಸಬೇ ಇಲ್ಲದ ಕೂಸಿಗೂ ಮೊದಲೇ ಕ್ರೀಮ್ ಹಚ್ಚಿ ತಡೆಯಬಹುದಾ? ಬ್ರಿಟನ್ನಿನಲ್ಲಿ 1,394 ಶಿಶುಗಳಲ್ಲಿ ಪರೀಕ್ಷಿಸಿದರು. 2020ರಲ್ಲಿ ಬಂದ ಉತ್ತರ: ಪ್ರಯೋಜನವಿಲ್ಲ. ಸುಮ್ನೆ ದುಡ್ಡು ಸುರಿಯಬೇಡಿ.

ಹೆಜ್ಜೆ 2: ಪಥ್ಯಕ್ಕೆ ಆತುರ ಬೇಡ

ಕಜ್ಜಿ ಕಂಡರೆ ಮೊದಲು ಬದನೆಕಾಯಿ ಬಂದ್. ‘ನಂಜು’ ಅಂತ. ಆಮೇಲೆ ಮೊಟ್ಟೆ, ಮೀನು, ಹಾಲು. ನನ್ನ ತಂಗಿಯ ಮಗಳಿಗೆ ಹೀಗೇ ಆರು ತಿಂಗಳು ಅನ್ನ, ಸಾರು, ಬೇಳೆ ಮಾತ್ರ. ತೂಕ ಇಳಿಯಿತು, ತುರಿಕೆ ಇಳಿಯಲಿಲ್ಲ. ಜೋರು ಇಸಬಿರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಆಹಾರದ ಅಲರ್ಜಿಯೂ ಇರುತ್ತದೆ, ನಿಜ. ಉಳಿದವರ ಬಾಯಿ ಯಾಕೆ ಕಟ್ಟಬೇಕು? ಇನ್ನೊಂದು ಅಪಾಯವಿದೆ. ತಿಂದು ಒಗ್ಗಿದ್ದನ್ನು ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ಕೆಲವು ಮಕ್ಕಳಲ್ಲಿ ಜೋರಾದ ಅಲರ್ಜಿ ಕಾಣಿಸಿಕೊಂಡಿದೆ.

ಬದಲಿಗೆ ಒಂದು ನೋಟ್‌ಬುಕ್ ಇಡಿ. ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು. ಐಜಿಇಯ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ತೋರುತ್ತದೆ. ಗಂದೆ ಎದ್ದಾಗಲೇ ಫೋನಿನಲ್ಲಿ ಫೋಟೊ ತೆಗೆದಿಡಿ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಮಾಯವಾಗಿರುತ್ತದೆ.

‘ನೂರು ಆಹಾರಗಳ ಟೆಸ್ಟ್’ ಪ್ಯಾಕೇಜುಗಳಿಗೆ ಬೀಳಬೇಡಿ. ಕರ್ನಾಟಕದ ವಯಸ್ಕರಲ್ಲಿ ನಡೆದ ಒಂದು ಅಧ್ಯಯನದಲ್ಲಿ ಶೇ 26.5 ಜನರ ರಕ್ತ ಯಾವುದೋ ಆಹಾರಕ್ಕೆ ಪಾಸಿಟಿವ್ ತೋರಿಸಿತು. ನಿಜಕ್ಕೂ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ.

ಆರು ತಿಂಗಳಿಗೆ ಮೇಲಾಹಾರ ಶುರುವಾದಾಗ ಬೆಂದ ಮೊಟ್ಟೆ, ತೆಳ್ಳಗೆ ಕಲಸಿದ ಕಡಲೆಕಾಯಿ ಪೇಸ್ಟನ್ನು ಸುಮ್ಮನೆ ಮುಂದೂಡಬೇಡಿ. ಇಡೀ ಬೀಜ ಮಾತ್ರ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇಸಬು ಜೋರಾಗಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ತಿಂದ ಮೇಲೆ ತುಟಿ ಊದಿ, ಉಸಿರು ಕಟ್ಟಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಸೋತು ಬಿದ್ದರೆ ಅಲರ್ಜಿ ಸಿರಪ್ಪು ಕೊಟ್ಟು ಕಾಯಬೇಡಿ. ಬೇಕಾದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. 108ಕ್ಕೆ ಫೋನ್ ಮಾಡಿ.

ಹೆಜ್ಜೆ 3: ಉಸಿರಿನ ಕಡೆ ಕಿವಿ

ಇಸಬಿರುವ ಮಗು ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮಿದರೆ, ಓಡಿದಾಗ, ನಕ್ಕಾಗ ಕೆಮ್ಮಿದರೆ ‘ಶೀತ’ ಎಂದು ತಳ್ಳಿಹಾಕಬೇಡಿ. ಉಬ್ಬಸ ಹತೋಟಿಯಲ್ಲಿ ಇಲ್ಲದ ಮಗುವಿಗೆ ಆಹಾರದ ಅಲರ್ಜಿ ಬಂದರೆ ಅದು ಹೆಚ್ಚು ಅಪಾಯಕಾರಿ. ಆದ್ದರಿಂದ ಬರೆದುಕೊಟ್ಟ ಇನ್‌ಹೇಲರನ್ನು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ. ಚಟವಾಗುತ್ತದೆ ಎಂಬುದು ಸುಳ್ಳು. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಿ. ಸೊಳ್ಳೆ ಬತ್ತಿ, ಸಿಗರೇಟು ಮನೆಯೊಳಗೆ ಬೇಡ.

ಕಷ್ಟವಾಗಿದ್ದು ಸಾಂಬ್ರಾಣಿ. ಎರೆದ ಮೇಲೆ ಕೂಸಿನ ತಲೆಗೆ ಹೊಗೆ ಹಾಕದಿದ್ದರೆ ನಮ್ಮಮ್ಮನಿಗೆ ಸ್ನಾನವೇ ಆದಂತಲ್ಲ. ವಾದ ಮಾಡಿ ಸೋತೆವು. ಕೊನೆಗೆ ಧೂಪದ ಬಟ್ಟಲು ಹಿತ್ತಲ ತುಳಸಿಕಟ್ಟೆಗೆ ವರ್ಗವಾಯಿತು. ಹೊಗೆ ಈಗ ತುಳಸಿಗೆ, ಕೂಸಿಗೆ ಒಣಬಟ್ಟೆ.